ನಂಜಿನ ದಾಸಮ್ಮ

ಎದೆಯ ಮೇಲೆ ಸುಣ್ಣದ ಉಂಗುರ ಬರೆಸಿಕೊಂಡು ಬಂದ ಮೊದಲ ಹೆಂಗಸನ್ನು ನಾನು ಚೆನ್ನಾಗಿ ಬೈದಿದ್ದೆ. ಗಂಟು ಎದ್ದಿದೆ ಎಂದು ಗೊತ್ತಾದ ಮೇಲೂ ಸುಣ್ಣ ಹಚ್ಚಿಕೊಂಡು ಕೂತಿದ್ದೀಯಲ್ಲ, ನಿನಗೆ ಬುದ್ಧಿ ಇದೆಯೇ ಎಂದು ಕೇಳಿ, ಹತ್ತಿ ಒದ್ದೆ ಮಾಡಿ ಅದನ್ನು ಒರೆಸಿ, ಡಾಕ್ಟರ ಹತ್ತಿರ ಚೀಟಿ ಬರೆಸಿಕೊಟ್ಟು ಮಧುಗಿರಿಗೆ ಕಳಿಸಿದೆ. ಹದಿನೈದು ದಿನ ಕಳೆದು ಇನ್ನೊಬ್ಬಳು ಬಂದಳು. ಅವಳಿಗೂ ಗಂಟಿನ ಸುತ್ತ ದುಂಡಗೆ, ಬೆಳ್ಳಗೆ, ಬಳೆ ಇಟ್ಟು ಎಳೆದಂಥ ಗೆರೆ. ಮೂರನೆಯವಳು ಬಂದ ದಿನ ನನ್ನ ತಾಳ್ಮೆ ಮುಗಿಯಿತು.

"ಯಾರಮ್ಮ ಇದನ್ನ ಬರೆದಿದ್ದು?" ಎಂದೆ.

"ನಂಜಿನ ದಾಸಮ್ಮ" ಎಂದಳು, ನನಗೆ ಗೊತ್ತಿಲ್ಲದಿರುವುದೇ ತಪ್ಪು ಎನ್ನುವ ಹಾಗೆ.

ನಾನು ಶಿರಾದವಳು. ಕೊಡಿಗೇನಹಳ್ಳಿ ಹೋಬಳಿಯ ಒಂದು ಸಣ್ಣ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಊರ ಹೆಸರು ಬೇಡ, ಯಾಕೆ ಬೇಡ ಎನ್ನುವುದು ಮುಂದೆ ತಿಳಿಯುತ್ತದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ನಾನು ಮುಚ್ಚಿಟ್ಟಿಲ್ಲ. ಅದರಲ್ಲೂ ಸೊಪ್ಪು ಅರೆದು ಹಚ್ಚುವವರು, ತಾಯಿತ ಕಟ್ಟುವವರು ಎಂದರೆ ಮೈಯೆಲ್ಲ ಉರಿಯುತ್ತದೆ. ಅವತ್ತು ಮಧ್ಯಾಹ್ನ ಊಟ ಸಹ ಮಾಡದೆ ದಾಸಮ್ಮನ ಮನೆ ಹುಡುಕಿಕೊಂಡು ಹೊರಟೆ.

ಗಾಯ ಬಾತು, ಕೀವಾಗಿ, ವಾಸಿಯಾಗದೆ ನಿಲ್ಲುವುದಕ್ಕೆ ನಮ್ಮ ಕಡೆ ನಂಜು ಎನ್ನುತ್ತಾರೆ. ಕೆಲವು ಪದಾರ್ಥ ತಿಂದರೆ ನಂಜು ಏರುತ್ತದೆ ಎನ್ನುವುದು ಎಲ್ಲರ ಮನೆಯ ನಂಬಿಕೆ: ಬದನೆಕಾಯಿ, ಅವರೆಕಾಳು, ಕಡಲೆಕಾಯಿ, ಕುಂಬಳಕಾಯಿ, ಮೊಟ್ಟೆ, ಹುಣಸೆಹುಳಿ. ದಾಸಮ್ಮನ ಅಜ್ಜಿ, ಆಮೇಲೆ ಅವ್ವ, ಆಮೇಲೆ ದಾಸಮ್ಮ ಹೀಗೆ ಮೂರು ತಲೆಮಾರಿನಿಂದ ನಂಜಿಗೆ ಔಷಧಿ ಹಚ್ಚಿ ಪಥ್ಯ ಹೇಳುತ್ತ ಬಂದವರು. ಪಾವಗಡ, ಕೊರಟಗೆರೆ, ಶಿರಾ, ಅತ್ತ ಹಿಂದೂಪುರದಿಂದಲೂ ಜನ ಬರುತ್ತಿದ್ದರು. ಯಾವ ಜಾತಿಯವರೇ ಆಗಲಿ ಔಷಧಿಗೆ ಮಾತ್ರ ಕಾಲೊನಿಯ ಕೊನೆಯ ಆ ಮನೆಗೆ ಬಂದು ನಿಲ್ಲುತ್ತಿದ್ದರು.

ನಾನು ಹೋದಾಗ ಆಕೆ ಬುದ್ಧನ ಪಟದ ಕೆಳಗೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಅರವತ್ತು ದಾಟಿದ, ಸಣಕಲು ಮೈಯ, ಮೈಗಿಂತ ದೊಡ್ಡ ಕೈಗಳ ಹೆಂಗಸು. ನಾನು ನಿಂತಲ್ಲೇ ಶುರುಮಾಡಿದೆ. ಪೊಲೀಸರಿಗೆ ಹೇಳುತ್ತೇನೆ, ಜೈಲಿಗೆ ಹಾಕಿಸುತ್ತೇನೆ, ಹೆಂಗಸರ ಜೀವದ ಜೊತೆ ಆಟವಾಡುತ್ತೀಯಾ ಎಂದೆಲ್ಲ ಬಾಯಿಗೆ ಬಂದಂತೆ ಕೂಗಾಡಿದೆ. ಆಕೆ ಒಂದು ಮಾತಿಗೂ ಎದುರಾಡದೆ ಪೂರಾ ಕೇಳಿಸಿಕೊಂಡಳು.

"ಬೈದಾಯ್ತಾ ಸಿಸ್ಟ್ರಮ್ಮ? ಕುತ್ಕ. ಆ ಮೂರು ಜನಾನೂ ನಿಮ್ಮ ಆಸ್ಪತ್ರೆಗೆ ಕಳ್ಸಿದ್ದು ನಾನೇ" ಎಂದಳು.

"ಕಳಿಸಿದ್ದಾದರೆ ಸುಣ್ಣ ಯಾಕೆ ಬರೆದೆ?"

"ಬರೀ ಬಾಯಲ್ಲಿ ಹೋಗು ಅಂದ್ರೆ ಯಾರ್ ಹೋಗ್ತಾರೆ? ಔಸ್ತಿ ಬೇಕು ಅಂತ ಬಂದಿರ್ತಾರೆ, ಏನಾದ್ರೂ ಮಾಡ್ಬೇಕು. ಸುಣ್ಣ ಬರ್ದು ಹೇಳ್ತೀನಿ, ಇದು ಉದುರಿ ಹೋಗೋದ್ರೊಳಗೆ ಡಾಕ್ಟ್ರು ಕಣ್ಣಿಗೆ ಬೀಳ್ಬೇಕು, ಆಮ್ಯಾಕೆ ಹೋದ್ರೆ ನಾನು ಜವಾಬ್ದಾರಿ ಅಲ್ಲ ಅಂತ. ಸುಣ್ಣ ಮೂರು ದಿನ, ಬೋ ಅಂದ್ರೆ ನಾಕು ದಿನ ನಿಲ್ತೈತೆ. ಓಡಿ ಬರ್ತಾರೆ."

ನಾನು ಕೂತುಕೊಂಡೆ. ಒಬ್ಬ ಹೆಂಗಸನ್ನು ಎದೆಯ ಗಂಟು ತೋರಿಸಲು ಒಪ್ಪಿಸುವುದಕ್ಕೆ ನಮಗೆ ಮೂರು ತಿಂಗಳು ಹಿಡಿಯುತ್ತಿತ್ತು. ನಾಚಿಕೆ, ಭಯ, ಹೊಲದ ಕೆಲಸ, ಮಗಳ ಮದುವೆ, ಏನಾದರೊಂದು ಅಡ್ಡ ಬರುತ್ತಿತ್ತು. ಈ ಹೆಂಗಸು ಎರಡು ಬೆರಳು ಸುಣ್ಣದಲ್ಲಿ ನಾಲ್ಕು ದಿನಕ್ಕೆ ಕಳಿಸುತ್ತಿದ್ದಳು.

ಆಮೇಲೆ ತಂಗಿಯ ವಿಷಯ ಹೇಳಿದಳು. ಹೊಳವನಹಳ್ಳಿಗೆ ಕೊಟ್ಟಿದ್ದ ಪಟಾಲಮ್ಮ ಎಂಟು ವರ್ಷದ ಕೆಳಗೆ ಎದೆಯ ಗಂಟು ತೋರಿಸಿಕೊಂಡು ಅಕ್ಕನ ಹತ್ತಿರವೇ ಬಂದಳಂತೆ. ದಾಸಮ್ಮ ಐದು ತಿಂಗಳು ಸೊಪ್ಪು ಅರೆದು ಹಚ್ಚಿದಳು. ಗಂಟು ಒಡೆದು ಹುಣ್ಣಾದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದಳು. ಅಷ್ಟರಲ್ಲಿ ರೋಗ ಮೂಳೆಗೆ ಇಳಿದಿತ್ತು.

"ಡಾಕ್ಟ್ರು ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು" ಎಂದಳು. "ನನ್ನ ತಂಗೀನ ನಾನೇ ಕೊಂದೆ ಸಿಸ್ಟ್ರಮ್ಮ. ಬಂದೋರಿಗೆಲ್ಲ ಇದನ್ನ ಹೇಳ್ತೀನಿ. ಹೇಳುದ್ರೆ ಅವ್ರು ಹೆದ್ರಿ ಬಸ್ ಹತ್ತಾರೆ."

ಇಪ್ಪತ್ತು ವರ್ಷ ಬಿಳಿ ಬಟ್ಟೆಯವರ ಜೊತೆ ಕೆಲಸ ಮಾಡಿದ್ದೇನೆ. ತಪ್ಪು ನನ್ನದು ಎಂದು ಬಾಯಿ ಬಿಟ್ಟು ಹೇಳಿದವರನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ, ನನ್ನನ್ನೂ ಸೇರಿಸಿ. ಜೈಲಿನ ಮಾತು ಅಲ್ಲಿಗೇ ನಿಂತಿತು.

ಅವತ್ತಿನಿಂದ ನಾವಿಬ್ಬರೂ ಜೊತೆಯಾದೆವು. ಸುಣ್ಣ ಬರೆದು ಕಳಿಸುವುದಷ್ಟೇ ಆಕೆಯ ಕೆಲಸ ಎಂದು ನಾನು ತಿಳಿದಿದ್ದು ತಪ್ಪು. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಮೊದಲ ಬಸ್ಸಿನಲ್ಲಿ ಹೆಂಗಸರ ಜೊತೆ ತಾನೂ ಹೋಗುತ್ತಿದ್ದಳು. ಓದು ಬಾರದು. ನೆಲದ ಮೇಲಿನ ಯಾವ ಬಣ್ಣದ ಗೆರೆ ಹಿಡಿದು ನಡೆದರೆ ರಕ್ತ ಪರೀಕ್ಷೆ, ಯಾವ ಬಾಗಿಲ ಮುಂದೆ ನಿಂತರೆ ಕಿಮೋ ಎಂದು ಕಾಲಿಗೇ ಗೊತ್ತಿತ್ತು. ಪಾವಗಡದ ಕಡೆಯ ಮುದುಕಿಯೊಬ್ಬಳು ರೇಡಿಯೇಶನ್ನಿಗೆ ಕರೆಂಟು ಕೊಡುತ್ತಾರೆ ಎಂದು ಕೇಳಿ ಮಂಚ ಹತ್ತಲಾರೆ ಎಂದು ಅತ್ತಾಗ, "ಏಂ ಕಾದು ತಲ್ಲೀ, ಏನೂ ಆಗಲ್ಲ, ಫೋಟೋ ತೆಗ್ದಂಗೆ ಅಷ್ಟೇಯ, ಶಾಕ್ ಹೊಡ್ಯಲ್ಲ" ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಸಮಾಧಾನ ಮಾಡಿ ಬಾಗಿಲವರೆಗೂ ಕೈ ಹಿಡಿದು ಬಿಟ್ಟಳು.

ಆಪರೇಶನ್ ಆದ ಹೆಂಗಸರು ಮನೆಗೆ ಬರುವಾಗ ಗಾಯದ ಪಕ್ಕದಿಂದ ಒಂದು ನಳಿಕೆ, ಅದರ ತುದಿಗೆ ನೀರು ಸೇರುವ ಒಂದು ಡಬ್ಬಿ ನೇತಾಡುತ್ತಿರುತ್ತದೆ. ಅದನ್ನು ಯಾರೂ ನೋಡಬಾರದು ಎಂದು ಹೆಂಗಸರು ಕೋಣೆ ಬಿಟ್ಟು ಹೊರಗೇ ಬರುತ್ತಿರಲಿಲ್ಲ. ದಾಸಮ್ಮ ಎಲೆಅಡಿಕೆ ಚೀಲದಂಥದ್ದೇ ಚೀಲ ಹೊಲಿದು, ಡಬ್ಬಿಯನ್ನು ಅದರಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿದಳು. ಸೊಂಟದಲ್ಲಿ ಎಲೆಅಡಿಕೆ ಚೀಲ ಇರುವ ಹೆಂಗಸನ್ನು ನಮ್ಮ ಕಡೆ ಯಾರು ತಿರುಗಿ ನೋಡುತ್ತಾರೆ? ಮಾರನೆಯ ದಿನವೇ ಅವರು ಹಿತ್ತಲಿಗೆ, ಅಂಗಡಿಗೆ ಓಡಾಡತೊಡಗಿದರು.

ಆ ಡಬ್ಬಿಯ ನೀರನ್ನು ದಿನವೂ ಅಳೆದು ಬರೆದಿಡಬೇಕು. ಆ ಕೆಲಸವನ್ನು ಆಕೆ ಬೇಕೆಂದೇ ಗಂಡಂದಿರಿಗೆ ಹಚ್ಚುತ್ತಿದ್ದಳು. ಬುಕ್ಕಾಪಟ್ಟಣದ ಹತ್ತಿರದ ಒಬ್ಬ, ಹೆಂಡತಿಯ ಗಾಯ ನೋಡಲಾರದೆ ದನದ ಕೊಟ್ಟಿಗೆಯಲ್ಲೇ ಮಲಗಲು ಶುರುಮಾಡಿದ್ದ. "ಡೇರಿಗೆ ದಿನಾ ಹಾಲು ಅಳ್ದು ಹಾಕಲ್ವೇನ್ಲಾ? ಇದನ್ನೂ ಅಳಿ. ಅದು ದಿನಕ್ಕಿಷ್ಟು ಕಮ್ಮಿ ಆದ್ರೆ ನಿನ್ ಹೆಂಡ್ತಿ ನಿಂಗೆ ಉಳುದ್ಲು ಅಂತ ಲೆಕ್ಕ" ಎಂದು ಅವನ ಕೈಗೆ ಅಳತೆಯ ಲೋಟ ಕೊಟ್ಟಳು. ಹತ್ತು ದಿನ ಅವನು ಬೆಳಿಗ್ಗೆ ಬೆಳಿಗ್ಗೆ ನನಗೆ ಫೋನು ಮಾಡಿ, ಇವತ್ತು ಇಷ್ಟಕ್ಕೆ ಇಳಿಯಿತು ಸಿಸ್ಟರ್ ಎಂದು ಮಗು ಹುಟ್ಟಿದವನ ಹಾಗೆ ಹೇಳುತ್ತಿದ್ದ. ನಾನು ಓದಿದ ನರ್ಸಿಂಗಿನಲ್ಲಿ ಇದು ಎಲ್ಲೂ ಇರಲಿಲ್ಲ.

ಹೀಗೆ ಎರಡು ವರ್ಷ ಕಳೆದ ಮೇಲೆ ಲೋಹಿತಾ ಬಂದಳು.

ಲೋಹಿತಾಗೆ ಮೂವತ್ತಾರು. ಗಂಡ ರುದ್ರಮುನಿಯದು ಕೊಡಿಗೇನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ. ದೀಪಾವಳಿ ಕಳೆದ ವಾರ ಬೆಂಗಳೂರಿನಲ್ಲಿ ಅವಳ ಬಲ ಎದೆ ತೆಗೆದರು. ನಾಲ್ಕು ವಾರದಲ್ಲಿ ಕಿಮೋ ಶುರುವಾಗಬೇಕಿತ್ತು. ಎಂಟು ವಾರವಾದರೂ ಗಾಯ ಮುಚ್ಚಿರಲಿಲ್ಲ. ಅಂಚು ಬಾಯಿ ಬಿಟ್ಟುಕೊಂಡು ನೀರು ಜಿನುಗುತ್ತಲೇ ಇತ್ತು. ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು: ಗಾಯ ಮುಚ್ಚದೆ ಕಿಮೋ ಕೊಡಲಾಗದು, ಇನ್ನೊಂದು ತಿಂಗಳೊಳಗೆ ಕೊಡದಿದ್ದರೆ ರೋಗ ತಿರುಗಿ ಬರಬಹುದು, ಆಪರೇಶನ್ ಮಾಡಿದ್ದೂ ವ್ಯರ್ಥ. ಆಮೇಲೆ ಅವಳ ತೋಳು ಹಿಡಿದು ನೋಡಿ, ಈಕೆಗೆ ತಿನ್ನಲು ಏನು ಕೊಡುತ್ತಿದ್ದೀರಿ ಎಂದು ಕೇಳಿದರಂತೆ.

ದಿನವೂ ಡ್ರೆಸಿಂಗಿಗೆ ಅವರ ಮನೆಗೆ ಹೋಗುತ್ತಿದ್ದವಳು ನಾನೇ, ನನಗಾದರೂ ತೋಚಬೇಕಿತ್ತು. ಐವತ್ತನಾಲ್ಕು ಕಿಲೋ ಇದ್ದವಳು ನಲವತ್ತಮೂರಕ್ಕೆ ಇಳಿದಿದ್ದಳು. ಎರಡು ಹೊತ್ತೂ ಅನ್ನ, ಅದಕ್ಕೆ ಬೇಳೆ ಇಲ್ಲದ, ಹುಳಿ ಇಲ್ಲದ ಮೆಣಸಿನ ಸಾರು. ಕಾಳಿಲ್ಲ, ಕಡಲೆಯಿಲ್ಲ, ಮೊಸರಿಲ್ಲ. ಇಷ್ಟೂ ಮಾಡುತ್ತಿದ್ದವಳು ಅತ್ತೆ ನಾಗರತ್ನಮ್ಮ. ಕೆಟ್ಟ ಅತ್ತೆ ಎಂದುಕೊಳ್ಳಬೇಡಿ. ಸೊಸೆಯ ತಲೆ ಬಾಚಿ, ಮೈ ಒರೆಸಿ, ಸೋಮವಾರ ಉಪವಾಸವಿದ್ದು, ಸೊಸೆಗಿಲ್ಲದ್ದು ತನಗೇಕೆ ಎಂದು ತಾನೂ ಅದೇ ಮೆಣಸಿನ ಸಾರನ್ನು ಉಣ್ಣುತ್ತಿದ್ದ ಹೆಂಗಸು. ಗಾಯ ಮುಚ್ಚದೆ ಹೋದಷ್ಟೂ ಪಥ್ಯ ಬಿಗಿ ಮಾಡುತ್ತಿದ್ದಳು. ಪಥ್ಯ ಬಿಗಿಯಾದಷ್ಟೂ ಗಾಯ ಮುಚ್ಚುತ್ತಿರಲಿಲ್ಲ.

"ಕಾಳು ಬೇಳೆ ಕೊಡದೆ ಗಾಯ ಹೇಗೆ ಕೂಡುತ್ತೆ ನಾಗರತ್ನಮ್ಮನೋರೇ? ಡಾಕ್ಟರೇ ಹೇಳಿದ್ದಾರೆ" ಎಂದೆ.

"ಡಾಕ್ಟ್ರು ಬೆಂಗಳೂರಲ್ಲಿರ್ತಾರಮ್ಮ. ನಂಜು ಏರಿದ್ರೆ ನೋಡ್ಕಳೋರು ನಾವು" ಎಂದಳು. "ನಮ್ ರುದ್ರಂಗೆ ಹತ್ತು ವರ್ಷ ಇದ್ದಾಗ ಗಾಡಿ ಚಕ್ರ ಕಾಲ ಮ್ಯಾಲೆ ಹೋಗಿತ್ತು. ಕಾಲು ತೆಗೀಬೇಕು ಅಂದಿದ್ರು. ದಾಸಮ್ಮ ಔಸ್ತಿ ಹಚ್ಚಿ ನಲ್ವತ್ತು ದಿನ ಪಥ್ಯ ಇಡಿಸಿದ್ಲು. ಇವತ್ತು ಅಂಗಡೀಲಿ ನಿಂತವ್ನೆ ನೋಡು, ಅದೇ ಕಾಲಲ್ಲಿ."

ಅಲ್ಲಿಂದ ನೇರ ದಾಸಮ್ಮನ ಮನೆಗೆ ಹೋದೆ. ಎರಡು ವರ್ಷದ ಸ್ನೇಹವೆಲ್ಲ ಮರೆತು, ನಿನ್ನ ಪಥ್ಯ ಆ ಹುಡುಗಿಯನ್ನು ತಿಂದು ಹಾಕುತ್ತಿದೆ ಎಂದು ಕೂಗಾಡಿದೆ.

ಆಕೆಯ ಮುಖ ಕಪ್ಪಿಟ್ಟಿತು. "ಗಂಟಿಗೆ ಸೊಪ್ಪು ಹಚ್ಚೋದು ಬುಟ್ಟೆ. ಪಥ್ಯನೂ ತಪ್ಪಾ?" ಎಂದಳು.

"ತಪ್ಪು. ಗೋಡೆ ಬಿದ್ದಾಗ ಕಟ್ಟೋದಕ್ಕೆ ಮಣ್ಣು ಬೇಡ್ವಾ? ಮೈಗೆ ಕಾಳು ಬೇಳೆನೇ ಮಣ್ಣು. ಅದಿಲ್ಲದೆ ಗಾಯ ಯಾವುದರಿಂದ ಮುಚ್ಚಬೇಕು?"

"ಅವರೆಕಾಳು ತಿಂದ್ರೂ ಗಾಯ ನಂಜಾಗಲ್ವಾ?"

"ಆಗಲ್ಲ."

"ಬದ್ನೆಕಾಯಿ?"

"ಅದರಿಂದಲೂ ಆಗಲ್ಲ ದಾಸಮ್ಮ. ಗಾಯ ಕೆಡೋದು ಕೊಳೆಯಿಂದ, ಊಟದಿಂದಲ್ಲ."

ದಾಸಮ್ಮ ಸೆರಗು ಕೊಡವಿ ಎದ್ದು, "ನಡಿ, ನಾನೇ ಹೇಳ್ತೀನಿ" ಎಂದಳು.

ನಾಗರತ್ನಮ್ಮ ಆಕೆಯನ್ನು ಜಗಲಿಯ ಮೇಲೆ ಕೂರಿಸಿ, ತಾನು ಹೊಸ್ತಿಲಲ್ಲಿ ನಿಂತು ಕೇಳಿದಳು. "ಅಮ್ಮಾ, ಆವತ್ತು ನಾನು ಹೇಳಿದ ಪಥ್ಯ ಇವತ್ತು ಬ್ಯಾಡ. ಹುಡುಗಿಗೆ ಎಲ್ಲಾನೂ ಇಕ್ಕಿ" ಎಂದಳು ದಾಸಮ್ಮ. ನಾಗರತ್ನಮ್ಮ ನನ್ನನ್ನೂ ಆಕೆಯನ್ನೂ ಮೇಲಿಂದ ಕೆಳಗೆ ನೋಡಿದಳು.

"ಆವತ್ತು ಹೇಳಿದ್ದು ನಿಜವಾ, ಇವತ್ತು ಹೇಳ್ತಿರೋದು ನಿಜವಾ ದಾಸಮ್ಮ? ನಿಂಗೆ ಆಸ್ಪತ್ರೆಯೋರ ಗಾಳಿ ಬಡಿದೈತೆ. ನನ್ನ ಸೊಸೆ ಮ್ಯಾಲೆ ನಾನು ಪರೀಕ್ಷೆ ಮಾಡಲ್ಲ" ಎಂದು ಒಳಗೆ ಹೋದಳು. ಬಾಗಿಲ ಸಂದಿಯಲ್ಲಿ ಲೋಹಿತಾ ನಿಂತಿದ್ದಳು.

ಮಾರನೆಯ ದಿನ ಬೆಳಿಗ್ಗೆ ನಾನು ಆಸ್ಪತ್ರೆಯ ಬೀಗ ತೆಗೆಯುವ ಹೊತ್ತಿಗೆ ದಾಸಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಎಡಗೈಗೆ ಬಿಳಿ ಬಟ್ಟೆ ಸುತ್ತಿಕೊಂಡಿದ್ದಳು, ಅದು ಪೂರಾ ಕೆಂಪಾಗಿತ್ತು. ಬಿಚ್ಚಿದೆ. ಮೊಣಕೈಯ ಕೆಳಗೆ ನಾಲ್ಕು ಬೆರಳುದ್ದದ ಗಾಯ.

"ಏನಾಯ್ತು?"

"ಕುಡುಗೋಲು ತಗುಲ್ತು."

ಕುಡುಗೋಲಿನ ಗಾಯ ಎಷ್ಟು ನೋಡಿಲ್ಲ ನಾನು! ಅದು ಅಡ್ಡಾದಿಡ್ಡಿ ಹರಿದಿರುತ್ತದೆ. ಇದು ಅಳತೆಪಟ್ಟಿ ಇಟ್ಟು ಎಳೆದ ಹಾಗಿತ್ತು. ಸುತ್ತಲಿನ ಚರ್ಮ ಸೋಪು ಹಾಕಿ ತೊಳೆದಷ್ಟು ಚೊಕ್ಕವಾಗಿತ್ತು.

"ದಾಸಮ್ಮ, ಇದು ಕುಡುಗೋಲಿಂದ ಆಗಿದ್ದಲ್ಲ."

"ಗೊತ್ತಿದ್ರೆ ಯಾಕ್ ಕೇಳ್ತೀಯ? ಹೊಲಿ" ಎಂದಳು.

ಬೈದೆ. ಜೀವನದಲ್ಲಿ ಯಾರನ್ನೂ ಬೈಯದಷ್ಟು ಬೈದೆ, ಬೈಯುತ್ತ ಅಳುತ್ತ ಹೊಲಿದೆ. ಏಳು ಹೊಲಿಗೆ ಬಿತ್ತು. ಆಕೆ ಒಮ್ಮೆಯೂ ಕೈ ಎಳೆದುಕೊಳ್ಳಲಿಲ್ಲ. ಟಿ.ಟಿ. ಸೂಜಿ ಹಾಕಿಸಿಕೊಂಡಳು. ಗಾಯ ಕೆಡದಿರಲು ಮಾತ್ರೆ ಕೊಟ್ಟರೆ ವಾಪಸ್ಸು ನೂಕಿದಳು. "ಮಾತ್ರೆ ನುಂಗಿದ್ರೆ ಆಯಮ್ಮ ಮಾತ್ರೆಯಿಂದ ವಾಸಿ ಆಯ್ತು ಅಂತಾಳೆ. ಬ್ಯಾಡ." ಡಾಕ್ಟರು ಅವತ್ತು ಮೀಟಿಂಗಿಗೆ ಮಧುಗಿರಿಗೆ ಹೋಗಿದ್ದರು. ನಾನು ರಿಜಿಸ್ಟರಿನಲ್ಲಿ ಕುಡುಗೋಲು ತಗುಲಿದ ಗಾಯ ಎಂದು ಬರೆದೆ. ಊರ ಹೆಸರು ಬೇಡ ಎಂದಿದ್ದು ಇದಕ್ಕೇ.

ಮಧ್ಯಾಹ್ನ ನನ್ನನ್ನು ಕರೆದುಕೊಂಡು ಮತ್ತೆ ನಾಗರತ್ನಮ್ಮನ ಜಗಲಿಗೆ ಹೋದಳು. ಕೈಯ ಕಟ್ಟು ಬಿಚ್ಚಿ ತೋರಿಸಿದಳು.

"ಅಮ್ಮಾ, ಸೊಸೆ ಮ್ಯಾಲೆ ಪರೀಕ್ಷೆ ಬ್ಯಾಡ ಅಂದ್ರಿ. ಸರಿ. ನನ್ ಮ್ಯಾಲೆ ಮಾಡಿ. ನಂಜಿನ ಪದಾರ್ಥ ಏನೇನ್ ಐತೋ ಎಲ್ಲಾ ನಿಮ್ಮನೇಲೇ ಮಾಡಿ, ನಿಮ್ ಕೈಯಾರೆ ಇಕ್ಕಿ. ಇಲ್ಲೇ ಕುಂತು ಉಣ್ತೀನಿ. ಗಾಯ ದಿನಾ ನೀವೇ ನೋಡಿ. ಬಾತ್ರೆ ನಾನ್ ಸುಳ್ಳಿ. ಒಣಗಿದ್ರೆ ಹುಡುಗಿಗೆ ಊಟ ಇಕ್ಕಿ."

ಇಲ್ಲ ಎನ್ನಲು ನಾಗರತ್ನಮ್ಮನಿಗೆ ದಾರಿಯೇ ಇರಲಿಲ್ಲ. ಒಳಗೆ ಹೋಗಿ, ಎಂಟು ವಾರದ ಮೇಲೆ ಮೊದಲ ಸಲ ಒಲೆಯ ಮೇಲೆ ಅವರೆಕಾಳು ಇಟ್ಟಳು. ಪುಷ್ಯದ ಸೊಗಡಿನ ಅವರೆ. ಅದರ ಘಮ ಬೀದಿಗೆಲ್ಲ ಬಂತು.

ಜಗಲಿಯ ಮೇಲೆ ಮುತ್ತುಗದ ಎಲೆ ಹಾಕಿ, ತುಸು ಮೇಲಿಂದಲೇ ಬಡಿಸುತ್ತಿದ್ದಳು. ನನಗೆ ಅದೂ ಉರಿಯಿತು, ಆದರೆ ದಾಸಮ್ಮ ಕಣ್ಣಲ್ಲೇ ಸುಮ್ಮನಿರು ಎಂದಳು. ರಾಗಿಮುದ್ದೆ, ಅವರೆಕಾಳು ಬದನೆಕಾಯಿ ಸಾರು, ಹುರಿದ ಕಡಲೆಕಾಯಿ. ದಾಸಮ್ಮ ಒಂದೊಂದು ತುತ್ತನ್ನೂ ನಿಧಾನವಾಗಿ ನುಂಗುತ್ತಿದ್ದಳು. ಉಂಡಾದ ಮೇಲೆ, ಕದ್ದು ಮಾತ್ರೆ ನುಂಗಿದಳು ಎನ್ನಬಾರದೆಂದು, ಕತ್ತಲಾಗುವವರೆಗೂ ಅಲ್ಲೇ ಕೂತಿರುತ್ತಿದ್ದಳು. ನಾನು ಲೋಹಿತಾಗೆ ಡ್ರೆಸಿಂಗ್ ಮಾಡಿ ಬಂದು ದಾಸಮ್ಮನ ಕೈಯ ಕಟ್ಟು ಬಿಚ್ಚುತ್ತಿದ್ದೆ. ನಾಗರತ್ನಮ್ಮ ಕನ್ನಡಕ ಹಾಕಿಕೊಂಡು ಬಂದು ನೋಡುತ್ತಿದ್ದಳು.

ಮೂರನೆಯ ದಿನ ಮುದ್ದೆ ಮುರಿದ ದಾಸಮ್ಮನ ಕೈ ಹಾಗೇ ನಿಂತಿತು. ಬಾಗಿಲ ಒಳಗೆ ಲೋಹಿತಾ ಮೆಣಸಿನ ಸಾರಿನ ತಟ್ಟೆ ಮುಂದಿಟ್ಟುಕೊಂಡು ಈಕೆಯ ಎಲೆಯನ್ನೇ ನೋಡುತ್ತಿದ್ದಳು. ಮೂವತ್ತಾರು ವರ್ಷದ ಹೆಂಗಸಿನ ಕಣ್ಣಲ್ಲ ಅವು, ಹಸಿದ ಮಗುವಿನ ಕಣ್ಣು.

"ಆಗ್ತಿಲ್ಲ ಸಿಸ್ಟ್ರಮ್ಮ" ಎಂದು ದಾಸಮ್ಮ ನನಗಷ್ಟೇ ಕೇಳುವಂತೆ ಹೇಳಿದಳು. "ನಮ್ ಪಟಾಲಮ್ಮನೂ ಇಂಗೇ ನೋಡ್ತಿದ್ಲು. ಇಂಥದ್ದೇ ಅವರೆ ಕಾಲ. ಅಕ್ಕಾ, ಒಂದೇ ಒಂದು ಸೌಟು ಉಪ್ಸಾರು ಹಾಕೇ, ಹೊಟ್ಟೆ ಹಸೀತೈತೆ ಅಂತ ಕೈ ಹಿಡ್ಕಂಡಿದ್ಲು. ನಾನು ಹಾಕ್ಲಿಲ್ಲ. ನಂಜು ಅಂದೆ."

ಆಕೆ ಕಣ್ಣು ಮುಚ್ಚಿಕೊಂಡು ಎಲೆಯಲ್ಲಿದ್ದದ್ದನ್ನು ಪೂರಾ ಉಂಡಳು.

ನಾಲ್ಕನೆಯ ದಿನ ಒಂದು ಹೊಲಿಗೆಯ ಸುತ್ತ ಕೆಂಪಾಯಿತು. ಐದನೆಯ ದಿನ ಬಾವು ಬಂತು. ನಾಗರತ್ನಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, ಏನೂ ಆಡದೆ ಒಳಗೆ ಹೋದಳು. ಆಡಿದ್ದರೆ ವಾಸಿ ಇತ್ತು. ಮಾತ್ರೆ ತೆಗೆದುಕೋ, ಕಾಲು ಹಿಡಿಯುತ್ತೇನೆ, ಇದು ಹೊಲಿಗೆಯ ದಾರಕ್ಕೆ ಆಗಿದ್ದಿರಬಹುದು, ಊಟಕ್ಕಲ್ಲ, ಆದರೂ ನಿನ್ನ ಕೈಗೇನಾದರೂ ಆದರೆ ನಾನೇನು ಮಾಡಲಿ ಎಂದು ಬೇಡಿಕೊಂಡೆ.

"ಊಟಕ್ಕಲ್ಲ ತಾನೆ?" ಎಂದಳು.

"ಅಲ್ಲ."

"ಹಂಗಾದ್ರೆ ತೊಳ್ದು ಕಟ್ಟು" ಎಂದು ಹೇಳಿ, ಬಡಿಸಲೋ ಬೇಡವೋ ಎಂದು ನಿಂತಿದ್ದ ನಾಗರತ್ನಮ್ಮನಿಗೆ, "ಇಕ್ಕಿ ಅಮ್ಮಾ" ಎಂದಳು. ಅವತ್ತು ಬದನೆಕಾಯಿ ಎಣ್ಣೆಗಾಯಿ ಇತ್ತು. ಎರಡನೆಯ ಸಲ ಹಾಕಿಸಿಕೊಂಡಳು.

ದಿನಕ್ಕೆ ಎರಡು ಸಲ ತೊಳೆದು ಕಟ್ಟಿದೆ. ಆರನೆಯ ದಿನ ಬಾವು ಇಳಿಯಿತು. ಏಳನೆಯ ದಿನ ಕೆಂಪು ಹೋಯಿತು. ಒಂಬತ್ತನೆಯ ದಿನ, ಅದೇ ಜಗಲಿಯ ಮೇಲೆ, ನಾಗರತ್ನಮ್ಮನ ಕಣ್ಣೆದುರಿಗೇ ಹೊಲಿಗೆ ಬಿಚ್ಚಿದೆ. ಏಳು ದಾರವೂ ಒಣಗಿದ ಚರ್ಮದಿಂದ ಸಲೀಸಾಗಿ ಬಂದವು. ನಾಗರತ್ನಮ್ಮ ಬಗ್ಗಿ, ಇಷ್ಟು ದಿನ ಮೇಲಿಂದ ಬಡಿಸುತ್ತಿದ್ದ ಕೈಯಿಂದಲೇ ದಾಸಮ್ಮನ ಮುಂಗೈ ಹಿಡಿದು, ಗೆರೆಯ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ನೀರಿಲ್ಲ, ಕೀವಿಲ್ಲ. ಅಲ್ಲೇ ಕುಸಿದು ಕೂತಳು.

"ಹಂಗಾದ್ರೆ ಇಷ್ಟು ದಿನ ಆ ಮಗೀನ ಹೊಟ್ಟೆ ಒಣಗಿಸಿದ್ದು ನಾನೇನಾ?" ಎಂದಳು. ಅವಳ ದನಿ ಕೇಳಲಾಗುತ್ತಿರಲಿಲ್ಲ.

"ನೀವಲ್ಲ ಕಣಮ್ಮ. ಪಥ್ಯ ಹೇಳಿದ್ದು ನಾನು, ನಂಬಿದ್ದು ನೀವು. ಪಾಪ ಇದ್ರೆ ಅದು ನಂದು. ಇದನ್ನ ನೀವು ತಲೆಗೆ ಹಚ್ಕಬ್ಯಾಡಿ" ಎಂದಳು ದಾಸಮ್ಮ. "ಎದ್ದೇಳಿ, ಹುಡುಗಿ ಕಾಯ್ತೈತೆ."

ಅವತ್ತು ಲೋಹಿತಾ ಅವರೆಕಾಳಿನ ಸಾರಿನಲ್ಲಿ ಮುದ್ದೆ ಉಂಡಳು. ಮೊದಲ ತುತ್ತಿಗೇ ಅವಳ ಕಣ್ಣಲ್ಲಿ ನೀರು ಬಂತು. ಅತ್ತೆ ಪಕ್ಕದಲ್ಲೇ ಕೂತು ಮುದ್ದೆ ಮುರಿದು ಮುರಿದು ಕೊಟ್ಟಳು, ಆಮೇಲೆ ತಾನೂ ಉಂಡಳು. ದಾಸಮ್ಮನಿಗೆ ಒಳಗಿನ ಪಡಸಾಲೆಯಲ್ಲಿ ಅವರಿಬ್ಬರ ಸಾಲಿನಲ್ಲೇ ತಟ್ಟೆ ಹಾಕಿದರು. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ, ನಾನೂ ಮಾಡುವುದಿಲ್ಲ. ಮೊದಲೇ ಆಗಬೇಕಿದ್ದದ್ದು ಅದು.

ಹದಿನೇಳು ದಿನಕ್ಕೆ ಲೋಹಿತಾಳ ಗಾಯ ಮುಚ್ಚಿತು. ತೂಕ ನಾಲ್ಕು ಕಿಲೋ ಏರಿತು. ಡಾಕ್ಟರು ಕೊಟ್ಟಿದ್ದ ಗಡುವಿಗೆ ಇನ್ನೆರಡು ದಿನ ಉಳಿದಿರುವಾಗ ಮೊದಲ ಕಿಮೋಗೆ ಬೆಂಗಳೂರಿಗೆ ಹೊರಟರು.

ಬೀಳ್ಕೊಡಲು ನಾನೂ ಬಸ್ ನಿಲ್ದಾಣಕ್ಕೆ ಹೋದೆ. ಲೋಹಿತಾ, ರುದ್ರಮುನಿ, ಬುತ್ತಿಯ ಡಬ್ಬಿ ಹಿಡಿದ ನಾಗರತ್ನಮ್ಮ ಒಂದು ಕಡೆ ನಿಂತಿದ್ದರು. ದಾಸಮ್ಮ ಬಸ್ಸಿನ ದಾರಿ ನೋಡುತ್ತ ನನ್ನ ಪಕ್ಕದಲ್ಲಿದ್ದಳು. ಆಕೆಯ ಕೈಯ ಗೆರೆ ಆಗಲೇ ಬೆಳ್ಳಗಾಗುತ್ತಿತ್ತು. ತಡೆಯಲಾರದೆ ಕೇಳಿದೆ.

"ದಾಸಮ್ಮ, ಅಷ್ಟು ಧೈರ್ಯ ಹೆಂಗೆ ಬಂತು? ಆಗಲೇ ಪಥ್ಯ ಸುಳ್ಳು ಅಂತ ಪೂರ್ತಿ ಗೊತ್ತಾಗಿತ್ತಾ ನಿಂಗೆ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು.

"ಎಲ್ಲಿ ಗೊತ್ತಾಗಿತ್ತು? ಅರವತ್ತು ವರ್ಷ ನಂಬಿರೋದು ಒಂದ್ ರಾತ್ರೀಲಿ ಹೋಗ್ಬುಡ್ತೈತಾ? ಅವರೆಕಾಳು ತಿಂದ್ರೆ ಕೈ ಕೊಳೀತೈತೆ ಅಂತ್ಲೇ ತಿಳ್ಕಂಡಿದ್ದೆ ಕಣಮ್ಮ. ಒಂದೊಂದು ತುತ್ತೂ ಹೆದ್ರಿಕಂಡೇ ನುಂಗ್ದೆ. ಬಾವು ಬಂದ್ ದಿನ, ಕೈ ಹೋಯ್ತು ಅಂತ್ಲೇ ಅಂದ್ಕಂಡೆ."

"ಮತ್ತೆ ಯಾಕೆ ಉಂಡೆ?"

"ಏನೂ ಆಗಲ್ಲ ಅಂತ ನೀನ್ ಹೇಳಿದ್ಯಲ್ಲ" ಎಂದಳು. ಬಸ್ಸಿನ ದಾರಿಯತ್ತ ತಿರುಗಿ ಮತ್ತೆ ಹೇಳಿದಳು, "ಒಳಗೊಳಗೆ ಒಂದ್ ಆಸೆ ಇತ್ತು ಸಿಸ್ಟ್ರಮ್ಮ, ಕೈ ಕೊಳತ್ರೂ ಪರ್ವಾಗಿಲ್ಲ, ಪಥ್ಯ ನಿಜ ಆಗ್ಬುಡ್ಲಿ ಅಂತ. ಹಂಗಾಗಿದ್ರೆ ನನ್ ತಂಗಿ ಹಸ್ಕಂಡಿದ್ದಕ್ಕೆ ಒಂದ್ ಅರ್ಥ ಆದ್ರೂ ಇರ್ತಿತ್ತು."

ಬಸ್ಸು ಬಂತು. ದಾಸಮ್ಮ ಎಲ್ಲರಿಗಿಂತ ಮುಂಚೆ ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, "ಬಾರವ್ವ ಲೋಹಿತಾ" ಎಂದು ಆ ಕೈಯನ್ನೇ ಚಾಚಿ ಅವಳನ್ನು ಮೇಲಕ್ಕೆ ಎಳೆದುಕೊಂಡಳು.